ಷಡ್ಡಕನ ಡಬ್ಬಿಗೆ ಬಳಿದ ಕೊಳೆ

ಬೀದಿಯವರೆಲ್ಲ ಅವನನ್ನು ಹಲ್ಲಿನ ಮೇಸ್ತ್ರಿ ಎನ್ನುತ್ತಿದ್ದರು. ಅವನೇನೂ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿ ತೆರೆಸಿ ಅಚ್ಚು ತೆಗೆದು ಕಳಿಸುತ್ತಿದ್ದರು. ಆ ಅಚ್ಚಿನ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಒಸಡಿನ ಬಣ್ಣದ ಪ್ಲಾಸ್ಟಿಕ್ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿ ವಾಪಸ್ ಕಳಿಸುವುದು ಇವನ ಕೆಲಸ. ಊರಿನಲ್ಲಿ ಎಷ್ಟು ಜನ ಇವನು ಕಟ್ಟಿದ ಹಲ್ಲಿನಲ್ಲಿ ನಗುತ್ತಿದ್ದಾರೆ, ಎಷ್ಟು ಜನ ಅದೇ ಹಲ್ಲು ಕಡಿದುಕೊಂಡು ಇವನನ್ನು ಬೈಯುತ್ತಿದ್ದಾರೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಈ ಕೆಲಸದಲ್ಲಿ ಅವನಿಗೊಂದು ಹಟವಿತ್ತು. ಬೆಳ್ಳಗೆ, ಸಾಲಾಗಿ, ಒಂದೇ ಎತ್ತರಕ್ಕೆ ಕೂರಿಸಿದ ಹಲ್ಲು ಬೀದಿಯ ಆ ತುದಿಯಿಂದಲೇ ‘ನಾನು ಕಟ್ಟಿಸಿದ್ದು’ ಎಂದು ಡಂಗುರ ಸಾರುತ್ತದೆ ಎನ್ನುತ್ತಿದ್ದ. ಅದಕ್ಕೇ ಒಂದು ಹಲ್ಲನ್ನು ಕೂದಲೆಳೆಯಷ್ಟು ವಾರೆ ಮಾಡುತ್ತಿದ್ದ, ಇನ್ನೊಂದರ ತುದಿಯನ್ನು ಸವೆದಂತೆ ಉಜ್ಜುತ್ತಿದ್ದ, ವಯಸ್ಸಿಗೆ ತಕ್ಕಷ್ಟು ಹಳದಿ ಬೆರೆಸುತ್ತಿದ್ದ. ಬಣ್ಣ ಹೊಂದಿಸಿಕೊಳ್ಳಲು ಕೆಲವರು ಇವನ ಬಳಿಗೇ ಬರುತ್ತಿದ್ದರು. ಒಮ್ಮೆ ಹಾಗೆ ಬಂದ ಒಬ್ಬ ಅಜ್ಜಿ ಕನ್ನಡಿ ನೋಡಿಕೊಂಡು, “ಹೊಸ ಹಲ್ಲು ಕೇಳಿದ್ರೆ ಹಳೇದನ್ನೇ ಕೊಟ್ಟಿದೀಯಲ್ಲಪ್ಪಾ” ಎಂದು ಸೆಟ್ಟನ್ನು ಮೇಜಿನ ಮೇಲಿಟ್ಟು ಹೊರಟೇಹೋಗಿದ್ದಳು. ಕೊನೆಗೆ ಅವಳಿಗೆ ಮುತ್ತು ಪೋಣಿಸಿದಂಥ ಸೆಟ್ಟು ಮಾಡಿಕೊಟ್ಟ. ಆ ವಾರವೆಲ್ಲ ಮೇಸ್ತ್ರಿಯ ಮುಖ ಗಂಟಿಕ್ಕಿಯೇ ಇತ್ತು.

ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಸಿದ್ಧ ಉಡುಪು ಕೊಂಡವರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಸಣ್ಣಗಾದವರ ತೋಳು ಹಿಡಿಸುವುದು ಅವಳ ಕಸುಬು. ಇವನ ಕಡೆ ಪ್ಲಾಸ್ಟಿಕ್ಕಿನ ಮೂಗು ಸುಡುವ ವಾಸನೆ, ಅವಳ ಕಡೆ ಬಿಸಿ ಇಸ್ತ್ರಿಯ ವಾಸನೆ. “ಊರಿನವರ ಮೇಲಿನ ಅರ್ಧ ನಿಮ್ದು, ಕೆಳಗಿನ ಅರ್ಧ ನಂದು” ಎಂದು ಅವಳು ನಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಆ ದುಃಖ ಹಳೆಯದಾಗಿ, ಮನೆಯಲ್ಲಿ ಒಂದು ಕುರ್ಚಿಯ ಹಾಗೆ ತನ್ನ ಪಾಡಿಗೆ ತಾನಿತ್ತು.

ಹಿಂದಿನ ಇಕ್ಕಟ್ಟು ಕೋಣೆ ಮಾತ್ರ ಪೂರ್ತಿ ಅವನದು. ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ಹಲಗೆ, ಹಲಗೆಯ ಮೇಲೆ ಪುಟ್ಟ ಹಳಿ, ಪುಟ್ಟ ನಿಲ್ದಾಣ, ಬೆರಳಿನಷ್ಟು ಎತ್ತರದ ಸಿಗ್ನಲ್ ಕಂಬ. ಎಲ್ಲವೂ ನಿಜದ್ದರ ಎಂಬತ್ತೇಳರಲ್ಲಿ ಒಂದು ಪಾಲು. ಅಲ್ಲಿ ಪ್ರಯಾಣಿಕರ ಗಾಡಿ ಒಂದೂ ಇರಲಿಲ್ಲ. ಕಿಟಕಿಯಲ್ಲಿ ಮುಖಗಳಿಲ್ಲದ ಗಾಡಿ ಓಡಿಸುವುದಕ್ಕೆ ಅವನಿಗೆ ಮನಸ್ಸಾಗುತ್ತಿರಲಿಲ್ಲ. ಗೂಡ್ಸ್ ಗಾಡಿಯಾದರೆ ಆ ತಾಪತ್ರಯವಿಲ್ಲ. ಅಂಗಡಿಯಿಂದ ವ್ಯಾಗನ್ ತರುತ್ತಿದ್ದ, ತಂದ ದಿನವೇ ಅದನ್ನು ಬಿಚ್ಚಿ ಹಾಕುತ್ತಿದ್ದ. ಕಾರ್ಖಾನೆಯವರು ಮಾಡಿದ ಹಿಡಿಕಂಬಿ ಅದೆಷ್ಟು ದಪ್ಪವಿರುತ್ತಿತ್ತೆಂದರೆ, ನಿಜದಲ್ಲಿ ಆ ಅಳತೆಯದಿದ್ದರೆ ಹಿಡಿದುಕೊಳ್ಳಲು ಮನುಷ್ಯನಿಗೆ ಕೈ ಸಾಲದು, ಸೊಂಡಿಲೇ ಬೇಕಾಗುತ್ತಿತ್ತು. ಅದನ್ನು ಬ್ಲೇಡಿನಿಂದ ಹೆರೆದು ತೆಗೆದು, ಹಲ್ಲು ಕೊರೆಯುವ ಸೂಜಿಯಿಂದ ತೂತು ಮಾಡಿ, ವಕ್ರದಂತ ಸರಿಮಾಡಲು ಬಳಸುವ ಸಣ್ಣ ತಂತಿಯನ್ನು ಬಗ್ಗಿಸಿ ಕೂರಿಸುತ್ತಿದ್ದ. ಎಂಜಿನ್ನಿನ ಗಾಜು ದಪ್ಪವಾದರೆ ಕಿತ್ತು ತೆಳ್ಳನೆಯ ಹಾಳೆ ಅಂಟಿಸುತ್ತಿದ್ದ. ಗಾಡಿ ಹಳಿಯ ಮೇಲೆ ತುಸು ಎತ್ತರಕ್ಕೆ ನಿಂತರೆ ಅಡಿಭಾಗ ಉಜ್ಜಿ ಕೆಳಗಿಳಿಸುತ್ತಿದ್ದ. ಎಲ್ಲ ಆದಮೇಲೆ ಅವನ ಪ್ರೀತಿಯ ಘಟ್ಟ ಬರುತ್ತಿತ್ತು: ಕೊಳೆ ಬಳಿಯುವುದು. ನೀರಾದ ಬಣ್ಣದಿಂದ ತುಕ್ಕಿನ ಗೆರೆ, ಒಣಪುಡಿಯಿಂದ ಮಸಿ, ಚಕ್ರದ ಸುತ್ತ ಬ್ರೇಕಿನ ಕಂದು ಧೂಳು. ಕೊಳೆ ಬಳಿಯುವುದರಲ್ಲಿ ಅವನದು ಎತ್ತಿದ ಕೈ.

ಇದನ್ನೆಲ್ಲ ನೋಡಿ ನಗಲು ಒಬ್ಬ ಮನುಷ್ಯ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ. ಅವನೇ ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಗೂಡ್ಸ್ ಗಾಡಿಯ ಗಾರ್ಡು. ಮೇಸ್ತ್ರಿ ಅವನನ್ನು ಗಾರ್ಡಣ್ಣ ಎನ್ನುತ್ತಿದ್ದ. ಕುಳ್ಳಗೆ, ಗಟ್ಟಿಮುಟ್ಟಾಗಿ, ಮಡಿಕೆ ಕೆಡದ ಅಂಗಿ ತೊಟ್ಟು ಬರುತ್ತಿದ್ದ ಗಾರ್ಡಣ್ಣ, ಅಕ್ಕತಂಗಿಯರು ಅಡುಗೆಮನೆ ಸೇರಿದ ಕೂಡಲೇ ಹಿಂದಿನ ಕೋಣೆಯ ಬಾಗಿಲಲ್ಲಿ ಪ್ರತ್ಯಕ್ಷವಾಗುತ್ತಿದ್ದ.

“ಏನೋ ಮೇಸ್ತ್ರಿ, ಇವತ್ತು ನಿನ್ನ ಗಾಡಿ ಟೈಮಿಗೆ ಬಂತೋ, ಇಲ್ಲ ಇರುವೆ ಅಡ್ಡ ಬಂತೋ?”

“ಕೂತ್ಕೊಳ್ಳಿ ಗಾರ್ಡಣ್ಣ. ಜಾಗ ಬೇಕಾದ್ರೆ ನಿಮಗೂ ಒಂದು ಟಿಕೆಟ್ ಕೊಡ್ತೀನಿ.”

“ನಂಗ್ಯಾಕೋ ಟಿಕೆಟ್ಟು? ನಾನು ಸಂಬಳ ತಗೊಂಡು ರೈಲಲ್ಲಿ ಹೋಗೋನು.”

ಇಷ್ಟೇ ಮಾತು, ವರ್ಷಾನುಗಟ್ಟಲೆ. ಆದರೂ ಭಾನುವಾರ ಆ ಮಾತು ಬೀಳದಿದ್ದರೆ ಮೇಸ್ತ್ರಿಗೆ ವಾರ ಮುಗಿದಂತೆ ಅನಿಸುತ್ತಿರಲಿಲ್ಲ. ಅವನ ಹೆಂಡತಿಗಂತೂ ಭಾನುವಾರವೇ ಜೀವ. ತಾಯಿಯಿಲ್ಲದ ತಂಗಿಗೆ ತಲೆ ಬಾಚಿ, ಉಣಿಸಿ, ಮದುವೆ ಮಾಡಿಕೊಟ್ಟವಳು ಅವಳ ಅಕ್ಕ. ಈಗಲೂ ವಾರಕ್ಕೊಮ್ಮೆ ಬಂದು ತಂಗಿಯ ಪಾತ್ರೆಗಳನ್ನು ತಾನೇ ಮತ್ತೊಮ್ಮೆ ತೊಳೆದು, ಸರಿಯಾಗಿ ತೊಳೆದಿಲ್ಲವೆಂದು ಗದರಿಸಿ ಹೋದರೆ ಇಬ್ಬರಿಗೂ ಸಮಾಧಾನ.

ಹೀಗಿರುವಾಗ ರೈಲ್ವೆಯವರು ಗೂಡ್ಸ್ ಗಾಡಿಗಳ ಬಾಲಕ್ಕೆ ಕತ್ತರಿ ಹಾಕಿದರು. ಎಲ್ಲಕ್ಕಿಂತ ಕೊನೆಗೆ, ಎರಡೂ ತುದಿಗೆ ಸಣ್ಣ ಜಗುಲಿ, ಪಕ್ಕದಲ್ಲಿ ಸರಿಸುವ ಕಿಟಕಿ ಇರುವ ಗಾರ್ಡ್ ಡಬ್ಬಿ ಇನ್ನು ಬೇಡವಂತೆ. ಅದರ ಬದಲು ಕೊನೆಯ ವ್ಯಾಗನ್ನಿಗೆ ಮಿಣಮಿಣ ಮಿನುಗುವ ಒಂದು ಕೆಂಪು ದೀಪ. ಆ ಮಾರ್ಗದಲ್ಲಿ ಒಬ್ಬೊಬ್ಬ ಗಾರ್ಡಿಗೂ ಅವನದೇ ಒಂದು ಡಬ್ಬಿ ಇರುತ್ತಿತ್ತು. ನಮ್ಮ ಗಾರ್ಡಣ್ಣನಿಗೂ ಇಪ್ಪತ್ತು ವರ್ಷದಿಂದ ಒಂದೇ ಡಬ್ಬಿ. ಅದನ್ನು ಗುಜರಿ ಸಾಲಿಗೆ ತಳ್ಳಿ, ಅವನನ್ನು ಗೂಡ್ಸ್ ಆಫೀಸಿನ ಕುರ್ಚಿಗೆ ತಂದು ಕೂರಿಸಿದರು. “ಅಲ್ಲಾಡದೇ ಇರೋ ಕಡೆ ಕೂತು ಕೂತು ಸೊಂಟ ಹಿಡ್ಕೊಂಡಿದೆ” ಎಂದು ಅವನು ನಗಾಡಿದ. ಆದರೆ ಭಾನುವಾರದ ಚುಚ್ಚುಮಾತಿನಲ್ಲಿ ಮೊದಲಿನ ಖಾರ ಇರಲಿಲ್ಲ. ಇರುವೆ ಅಡ್ಡ ಬಂತೋ ಎಂದು ಕೇಳುವುದನ್ನೇ ಮರೆತುಬಿಟ್ಟ.

ಮೇಸ್ತ್ರಿ ಅದನ್ನು ಗಮನಿಸಿದ. ಬಾಯಿಬಿಟ್ಟು ಸಮಾಧಾನ ಹೇಳುವ ಜಾಯಮಾನ ಅವನದಲ್ಲ. ಅಂಗಡಿಗೆ ಹೋಗಿ ಅದೇ ಮಾದರಿಯ ಗಾರ್ಡ್ ಡಬ್ಬಿ ತಂದ. ಹಿಂದೊಮ್ಮೆ ಮೇಲ್ಸೇತುವೆಯಿಂದ ತಾನೇ ತೆಗೆದಿದ್ದ ಫೋಟೋ ಒಂದಿತ್ತು. ಅದರಲ್ಲಿ ಗಾರ್ಡಣ್ಣನ ಡಬ್ಬಿ, ಅದರ ನಂಬರಿನ ಸಮೇತ, ಸ್ಪಷ್ಟವಾಗಿ ಬಿದ್ದಿತ್ತು. ಆ ಫೋಟೋವನ್ನು ಕಣ್ಣೆದುರಿಗೆ ಆನಿಸಿಟ್ಟುಕೊಂಡು ಕೂತ. ಜಗುಲಿಯ ಕಟಕಟೆಯನ್ನು ತಂತಿಯಲ್ಲಿ ಹೊಸದಾಗಿ ಕಟ್ಟಿದ. ಮೆಟ್ಟಿಲನ್ನು ಹಿತ್ತಾಳೆಯ ತಗಡಿನಲ್ಲಿ ಮಾಡಿದ. ಚಾವಣಿಯ ಅಂಚನ್ನು ಕಾಗದದಷ್ಟು ತೆಳುವಾಗುವವರೆಗೆ ಉಜ್ಜಿದ. ನಂಬರನ್ನು ಒಂದೊಂದೇ ಅಂಕಿಯಾಗಿ ಬರೆದ. ಆಮೇಲೆ ಉಸಿರು ಬಿಗಿಹಿಡಿದು ಕೊಳೆ ಬಳಿದ. ಚಾವಣಿಗೆ ಮಸಿ, ಗೋಡೆಯ ಮೇಲೆ ತುಕ್ಕು ಇಳಿದ ಕಲೆ, ಗಾಜಿನ ಮೇಲೆ ಮಂಕು, ಕೆಳಗೆಲ್ಲ ಕಂದು ಧೂಳು. ಮುಗಿಸಿ ಹಲಗೆಯ ಮೇಲಿಟ್ಟು ನೋಡಿದಾಗ ತನಗೆ ತಾನೇ ಬೆನ್ನು ತಟ್ಟಿಕೊಳ್ಳುವಂತಾಯಿತು. ಇಷ್ಟು ಚೆನ್ನಾಗಿ ಅವನು ಬೇರೇನನ್ನೂ ಮಾಡಿರಲಿಲ್ಲ.

ಭಾನುವಾರ ಬಂತು. ಗಾರ್ಡಣ್ಣ ಬಾಗಿಲಲ್ಲಿ ನಿಂತ. ಮೇಸ್ತ್ರಿ ಡಬ್ಬಿಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟ.

ಗಾರ್ಡಣ್ಣ ಕನ್ನಡಕ ಹಾಕಿಕೊಂಡ. ಮೊದಲು ನಂಬರು ಓದಿದ. ಹುಬ್ಬು ಮೇಲೇರಿತು. ಡಬ್ಬಿಯನ್ನು ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ಮೇಲೇರಿದ ಹುಬ್ಬು ನಿಧಾನಕ್ಕೆ ಕೆಳಗಿಳಿದು ಗಂಟಾಯಿತು.

“ಇದನ್ನ ಯಾವ ಚರಂಡಿಯಿಂದ ಎತ್ಕೊಂಡು ಬಂದೆ?”

ಮೇಸ್ತ್ರಿ ಅದನ್ನು ಹೊಗಳಿಕೆ ಎಂದೇ ತಿಳಿದು ಹಲ್ಲು ಕಿರಿದ. “ಚೆನ್ನಾಗಿ ಬಂದಿದೆ ಅಲ್ವಾ ಗಾರ್ಡಣ್ಣ?”

“ನನ್ನ ಡಬ್ಬಿ ಹೀಗಿತ್ತಾ?” ಗಾರ್ಡಣ್ಣನ ದನಿಯಲ್ಲಿ ನಗೆಯ ಸುಳಿವೂ ಇರಲಿಲ್ಲ.

ಆಗಲಾದರೂ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಆದರೆ ಮೇಸ್ತ್ರಿ ಮೇಸ್ತ್ರಿಯೇ. ಫೋಟೋ ತಂದು ಅವನ ಮುಂದೆ ಹಿಡಿದ. “ಹೀಗೇ ಇತ್ತು ನೋಡಿ. ಇಲ್ಲೊಂದು ಕಲೆ, ಇಲ್ಲಿ ಮಸಿ, ಎಲ್ಲಾ ಇದ್ದ ಹಾಗೇ ಬಳಿದಿದೀನಿ.”

ಗಾರ್ಡಣ್ಣ ಫೋಟೋದ ಕಡೆ ತಿರುಗಿಯೂ ನೋಡಲಿಲ್ಲ. “ಇಪ್ಪತ್ತು ವರ್ಷ ಬಟ್ಟೆ ಹಿಡ್ಕೊಂಡು ಒರೆಸಿದ್ದು ನಾನು, ನಿನ್ನ ಫೋಟೋ ಅಲ್ಲ. ಹೊರಡೋ ಮುಂಚೆ ಒಂದ್ಸಲ, ತಲುಪಿದ ಮೇಲೆ ಒಂದ್ಸಲ. ಯಾರೂ ಒರೆಸು ಅಂದಿರ್ಲಿಲ್ಲ. ಕೊಳಕನ ಥರ ಬಾಳಿದೆ ಅಂತ ನನ್ನ ಕೈಗೇ ಕೊಡ್ತೀಯಲ್ಲೋ!” ಡಬ್ಬಿಯನ್ನು ಹಲಗೆಯ ಮೇಲಿಟ್ಟ. ಸಿಟ್ಟಿನಲ್ಲೂ ಚಕ್ರಗಳನ್ನು ಸರಿಯಾಗಿ ಹಳಿಯ ಮೇಲೇ ಕೂರಿಸಿದ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಹೆಂಡತಿಗೆ, “ಏಳೇ, ಹೋಗೋಣ” ಎಂದ.

ಒಲೆಯ ಮೇಲೆ ಚಹಾ ಕುದಿಯುತ್ತಿದ್ದಂತೆಯೇ ಅವರಿಬ್ಬರೂ ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಗಾರ್ಡಣ್ಣ ಹೋಗಬೇಡ ಎನ್ನಲಿಲ್ಲ, ಆದರೆ ಗಂಡನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಬರಲು ಅಕ್ಕನಿಗೆ ಮನಸ್ಸಾಗಲಿಲ್ಲ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡುತ್ತಿದ್ದರು. ಬರಬರುತ್ತಾ ಆ ಮಾತೂ “ಊಟ ಆಯ್ತಾ, ಆಯ್ತು” ಎಂಬಲ್ಲಿಗೆ ಬಂದು ನಿಂತಿತು.

“ನಾಲ್ಕು ಬೆರಳಿನ ಡಬ್ಬಿಗೋಸ್ಕರ ನಮ್ಮಕ್ಕನ್ನ ಕಳ್ಕೊಂಡೆ ನಾನು” ಎಂದಳು ಮೇಸ್ತ್ರಿಯ ಹೆಂಡತಿ. ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. “ಅವಳು ಬಂದು ಬೈದುಹೋಗ್ದೆ ನನ್ನ ಪಾತ್ರೆ ಕೂಡ ಬೆಳ್ಳಗಾಗ್ತಿಲ್ಲ ಕಣ್ರೀ. ಒರೆಸಿ ಕೊಟ್ಬಿಡಿ ಅತ್ಲಾಗೆ. ನಿಮ್ಮ ಗಂಟೇನು ಹೋಗುತ್ತೆ?”

ಮೇಸ್ತ್ರಿ ಒರೆಸಲೆಂದೇ ಕೂತ. ಹತ್ತಿಗೆ ಥಿನ್ನರ್ ಅದ್ದಿದ. ಒಂದು ಮೂಲೆಗೆ ಒತ್ತಿದ್ದೇ ತಡ, ಒಳಗಿನ ಕಾರ್ಖಾನೆಯ ಬಣ್ಣ ಮಿಠಾಯಿಯ ಹಾಗೆ ಥಳಥಳ ಹೊಳೆದು ಎದ್ದಿತು. ಕೈ ಹಿಂದಕ್ಕೆ ಬಂತು. ಮುತ್ತಿನ ಹಲ್ಲು ಮಾಡಿಕೊಟ್ಟ ಹಾಗೆ ಇದನ್ನೂ ಮಾಡಿಕೊಟ್ಟುಬಿಟ್ಟರೆ ಗಾರ್ಡಣ್ಣ ಬರುತ್ತಾನೆ, ನಿಜ. ಆದರೆ ಹಾಗೆ ಥಳಥಳಿಸುವ ಡಬ್ಬಿ ಯಾವ ಹಳಿಯ ಮೇಲೂ ಓಡಿರಲಿಲ್ಲ. ಹತ್ತಿಯನ್ನು ಬಿಸಾಕಿ, “ಸುಳ್ಳು ಬಳಿಯೋಕೆ ನನ್ನ ಕೈಲಾಗಲ್ಲ” ಎಂದ.

“ಹಾಗಾದ್ರೆ ಭಾವ ಸುಳ್ಳು ಹೇಳ್ತಿದಾರಾ?”

“ಫೋಟೋ ಸುಳ್ಳು ಹೇಳುತ್ತಾ?”

“ಎರಡೂ ಸುಳ್ಳಲ್ಲ ಅಂದ್ರೆ ಹೋಗಿ ನೋಡ್ಕೊಂಡು ಬನ್ನಿ. ಡಬ್ಬಿ ಇನ್ನೂ ಗುಜರಿ ಸಾಲಲ್ಲೇ ಇದೆಯಂತೆ, ಅಕ್ಕ ಹೇಳಿದ್ಲು.”

ಅವಳು ರಾಜಿಗೆಂದು ಹೇಳಿದ್ದಳು. ಅವನು ಸಾಕ್ಷಿ ತರಲೆಂದು ಹೊರಟ. ಹತ್ತಿರದಿಂದ ಇನ್ನೂ ನಾಲ್ಕು ಫೋಟೋ ತೆಗೆದು ಗಾರ್ಡಣ್ಣನ ಮುಂದೆ ಇಟ್ಟರೆ ಆಗ ಬಾಯಿ ಮುಚ್ಚಲೇಬೇಕು ಎಂಬ ಹುಮ್ಮಸ್ಸಿತ್ತು. ತಪ್ಪು ತನ್ನದಲ್ಲ ಎಂದು ಗೊತ್ತಾದ ಗಂಡಸಿನ ನಡಿಗೆಯೇ ಬೇರೆ. ಅವನು ಹಾಗೆ ನಡೆದುಕೊಂಡು ಗುಜರಿ ಯಾರ್ಡಿಗೆ ಹೋದ.

ಯಾರ್ಡಿನ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಒಳಗೆ ಬಿಡುವಂತಿಲ್ಲ ಎನ್ನಲು ಬಾಯಿ ತೆರೆದದ್ದೇ, ಮೇಸ್ತ್ರಿ ತನ್ನ ಕೆಲಸವನ್ನು ಗುರುತು ಹಿಡಿದ. ವಾರೆಯಾದ ಆ ಎರಡನೆಯ ಹಲ್ಲು ತಾನೇ ಕೂರಿಸಿದ್ದು.

“ಸೆಟ್ಟು ಹೇಗಿದೆ?” ಎಂದು ಕೇಳಿದ.

ಕಾವಲುಗಾರ ಬೆಪ್ಪಾದ. ಆಮೇಲೆ ಪರಿಚಯ ಸಿಕ್ಕಿ ಮುಖ ಅರಳಿತು. “ಓ, ನೀವಾ! ಚೆನ್ನಾಗಿದೆ. ಊಟಕ್ಕೆ ತೆಗೀತೀನಿ, ಮಾತಿಗೆ ಹಾಕ್ಕೋತೀನಿ.”

“ಅದು ಉಲ್ಟಾ ಆಯ್ತಲ್ಲ ಮಾರಾಯ. ಬನ್ನಿ ಒಂದಿನ, ಸರಿಮಾಡಿ ಕೊಡ್ತೀನಿ.”

ಆ ಮಾತಿಗೆ ಗೇಟು ತೆರೆಯಿತು. ಗಾರ್ಡ್ ಡಬ್ಬಿಗಳು ಒಂದರ ಹಿಂದೊಂದು ಹುಲ್ಲಿನ ನಡುವೆ ನಿಂತಿದ್ದವು. ದಿನಕ್ಕೊಂದರಂತೆ ಕತ್ತರಿಸುತ್ತಿದ್ದಾರೆ, ನೀವು ಹೇಳಿದ ನಂಬರಿನದ್ದು ಬರುವ ಸೋಮವಾರ ಹೋಗುತ್ತದೆ ಎಂದು ಕಾವಲುಗಾರ ತಿಳಿಸಿದ.

ಮೇಸ್ತ್ರಿ ಆ ಡಬ್ಬಿಯ ಮುಂದೆ ನಿಂತು ನೋಡಿದ. ಹೊಟ್ಟೆ ತಂಪಾಯಿತು. ತಾನು ಬಳಿದದ್ದು ಏನೇನೂ ಅಲ್ಲ! ಚಾವಣಿ ಕರಿ ಹಿಡಿದು ಬಣ್ಣವೇ ಕಾಣುತ್ತಿರಲಿಲ್ಲ. ಗೋಡೆಯ ಮೇಲಿಂದ ತುಕ್ಕು ಧಾರೆಧಾರೆಯಾಗಿ ಇಳಿದಿತ್ತು. ಇದರ ಪಕ್ಕಕ್ಕಿಟ್ಟರೆ ಅವನ ಪುಟ್ಟ ಡಬ್ಬಿ ಆಗತಾನೇ ಸ್ನಾನ ಮಾಡಿ ಬಂದಂತೆ ಕಾಣಬೇಕು. ಫೋನು ತೆಗೆದು ಫೋಟೋಗೆಂದು ಹಿಡಿದ. ಬೆಳಕು ಎದುರಿಗಿತ್ತು. ಇನ್ನೊಂದು ಪಕ್ಕಕ್ಕೆ ಸುತ್ತಿಕೊಂಡು ಬಂದ.

ಅಲ್ಲಿ ಸರಿಸುವ ಕಿಟಕಿಯಿತ್ತು. ಕಿಟಕಿಯ ಸುತ್ತ, ಆ ಕಪ್ಪು ಗೋಡೆಯ ನಡುವೆ, ಒಂದು ಸ್ವಚ್ಛವಾದ ಜಾಗವಿತ್ತು. ಚೌಕವಲ್ಲ, ಪೂರ್ತಿ ದುಂಡಗೂ ಅಲ್ಲ. ಒಂದು ಕಡೆಗೆ ಹೆಚ್ಚು ಚಾಚಿಕೊಂಡ ಅರ್ಧಚಂದ್ರದ ಹಾಗೆ. ಅದರೊಳಗೆ ಬಣ್ಣ ಒರೆಸಿ ಒರೆಸಿ ತೆಳುವಾಗಿ, ಅಡಿಯ ತಗಡಿನ ಬೂದು ಇಣುಕುತ್ತಿತ್ತು. ಅಂಚು ದಾಟಿದರೆ ಮತ್ತೆ ಅದೇ ಮಸಿ. ಮೇಸ್ತ್ರಿಗೆ ಥಟ್ಟನೆ ಅರ್ಥವಾಗಲಿಲ್ಲ.

ಮೆಟ್ಟಿಲು ಹತ್ತಿ ಜಗುಲಿಗೆ ಬಂದ. ಹಿಡಿಕಂಬಿಯಲ್ಲಿ ಕೈ ಹಿಡಿಯುವ ಗೇಣುದ್ದ ಮಾತ್ರ ಬೆಳ್ಳಿಯ ಹಾಗಿತ್ತು. ಒಳಗೆ ನೆಲ, ಬೆಂಚು, ಬ್ರೇಕಿನ ತಿರುಗುಗಾಲಿ, ತಿಂಗಳುಗಟ್ಟಲೆ ಬಿದ್ದ ಧೂಳಿನ ಅಡಿಯಲ್ಲೂ ಅಚ್ಚುಕಟ್ಟು. ಮೂಲೆಯ ಮೊಳೆಗೆ ಗಟ್ಟಿಯಾಗಿ ಒಣಗಿದ ಒಂದು ಬಟ್ಟೆ ನೇತಾಡುತ್ತಿತ್ತು. ಮೇಸ್ತ್ರಿ ಬೆಂಚಿನ ಮೇಲೆ ಕೂತ. ಕಿಟಕಿ ಸರಿಸಿದ. ಭುಜ ಹೊರಗೆ ಹಾಕಿ, ಗೋಡೆಯನ್ನು ಒರೆಸುವವನ ಹಾಗೆ ಕೈ ಚಾಚಿ ಒಂದು ಸುತ್ತು ಆಡಿಸಿದ. ಅವನ ಕೈ ಉದ್ದ. ಸ್ವಚ್ಛವಾದ ಜಾಗವನ್ನು ದಾಟಿ ಮಸಿಯ ಮೇಲೆ ಹೋಯಿತು. ಒಳಗೆಳೆದುಕೊಂಡು ನೋಡಿದರೆ ಬೆರಳುಗಳ ತುದಿಯೆಲ್ಲ ಕಪ್ಪಾಗಿತ್ತು.

ಆಗ ತಿಳಿಯಿತು. ಗಾರ್ಡಣ್ಣನ ಕೈ ಎಲ್ಲಿಯವರೆಗೆ ಹೋಗುತ್ತಿತ್ತೋ ಅಲ್ಲಿಯವರೆಗೆ ಡಬ್ಬಿ ಫಳಫಳ ಎನ್ನುತ್ತಿತ್ತು. ಅದರಾಚೆಗಿನದು ರೈಲ್ವೆಯದು, ಹೊಗೆಯದು, ಮಳೆಗಾಳಿಯದು. ಮೇಲ್ಸೇತುವೆಯಿಂದ ತೆಗೆದ ಫೋಟೋದಲ್ಲಿ ಬಿದ್ದಿದ್ದದ್ದು ಆ ಆಚೆಗಿನದು ಮಾತ್ರ. ಹಲ್ಲಿನ ಸವೆತ ನೋಡಿ ಈ ಮನುಷ್ಯ ಯಾವ ಕಡೆ ಅಗಿಯುತ್ತಾನೆಂದು ಹೇಳುವ ತಾನು, ಷಡ್ಡಕನ ಕೈಯ ಗುರುತನ್ನೇ ಮಸಿ ಬಳಿದು ಮುಚ್ಚಿ, ಅದನ್ನೇ ಅವನ ಕೈಗೆ ಕೊಟ್ಟುಬಿಟ್ಟಿದ್ದನಲ್ಲ! ಒಬ್ಬನೇ ಇದ್ದರೂ ತಲೆ ತಗ್ಗಿಸಿದ. ಒಂದು ಫೋಟೋವನ್ನೂ ತೆಗೆಯದೆ ಇಳಿದು ಬಂದ.

ಮನೆಗೆ ಬಂದಮೇಲೆ ತಲೆ ಚಚ್ಚಿಕೊಳ್ಳುವ ಸರದಿ. ಜಗಳಕ್ಕೆಂದು ಹೋದವನು ಟೇಪು ಒಯ್ದಿರಲಿಲ್ಲ. ಆ ಜಾಗದ ಅಳತೆ ಎಷ್ಟು? ಕಣ್ಣಂದಾಜಿಗೆ ಬಿಟ್ಟರೆ ಮತ್ತೆ ಎಡವಟ್ಟು. ಹೆಂಡತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ.

ಅವಳು ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ, “ಭಾವನ ಕೈ ತಾನೇ? ಇಪ್ಪತ್ತೆರಡೂವರೆ ಇಂಚು, ಭುಜದಿಂದ ಮಣಿಕಟ್ಟಿಗೆ” ಎಂದಳು.

“ನಿನಗೆ ಹೇಗೆ ಗೊತ್ತು?”

“ಅವರ ಯೂನಿಫಾರ್ಮಿನ ತೋಳು ಗಿಡ್ಡ ಮಾಡಿಕೊಡ್ತಿದ್ದದ್ದು ಯಾರು, ನೀವಾ? ರೈಲ್ವೆಯವರು ಕೊಡೋ ತೋಳು ಅವರಿಗೆ ಯಾವತ್ತೂ ಉದ್ದವೇ. ಅಂಗೈ ಬೇರೆ ಸೇರಿಸ್ಕೊಳ್ಳಿ. ಬಟ್ಟೆ ಹಿಡಿದಿರ್ತಾರೆ, ಬೆರಳು ಮಡಚಿರ್ತಾರೆ, ಅದನ್ನ ಕಳೀರಿ.”

ಮೇಸ್ತ್ರಿ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಲೆಕ್ಕ ಹಾಕಿ ಎಂಬತ್ತೇಳರಿಂದ ಭಾಗಿಸಿದರೆ ಗಾರ್ಡಣ್ಣನ ತೋಳು ಒಂದು ಅಕ್ಕಿಕಾಳಿಗಿಂತ ತುಸು ಉದ್ದ ಬಂತು.

ಮರುದಿನ ಸೆಟ್ಟುಗಳನ್ನು ಪಕ್ಕಕ್ಕಿಟ್ಟು ಡಬ್ಬಿಯ ಮುಂದೆ ಕೂತ. ಕಡ್ಡಿಯ ತುದಿಗೆ ನಾಲ್ಕೇ ಎಳೆ ಹತ್ತಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಹಿಂಡಿ, ಕಿಟಕಿಯ ಸುತ್ತ ಅಕ್ಕಿಕಾಳಿನ ಅಳತೆಯಲ್ಲಿ ಕೊಳೆ ತೆಗೆಯತೊಡಗಿದ. ಬಲಗಡೆ ಹೆಚ್ಚು, ಎಡಗಡೆ ಕಡಿಮೆ, ಮೇಲೆ ಇನ್ನೂ ಕಡಿಮೆ. ಮಿಠಾಯಿಯ ಹೊಳಪು ಬಂದ ಕಡೆ ಬೂದು ಬಣ್ಣ ತಿಕ್ಕಿ ಮಂಕು ಮಾಡಿದ. ಹಿಡಿಕಂಬಿಯ ಬಣ್ಣವನ್ನು ಗೇಣಿನ ಲೆಕ್ಕದಲ್ಲಿ ಉಜ್ಜಿ ತಂತಿಯನ್ನು ಬೆಳ್ಳಗೆ ಮಾಡಿದ. ಕಿಟಕಿಯ ಗಾಜನ್ನು ಒಳಗಿನಿಂದ ಸಂಪೂರ್ಣ ಒರೆಸಿದ. ಪಕ್ಕದ ಸರಿಸಲಾಗದ ಗಾಜನ್ನು ಮಾತ್ರ ಕೈ ಸಿಕ್ಕಷ್ಟೇ ಒರೆಸಿ, ಮೇಲಿನ ಮೂಲೆಯಲ್ಲಿ ಮಂಕು ಹಾಗೇ ಬಿಟ್ಟ. ಬಣ್ಣ ಬಳಿಯುವುದಕ್ಕಿಂತ ತೆಗೆಯುವುದು ಕಷ್ಟದ ಕೆಲಸ. ಬಳಿದದ್ದು ಹೆಚ್ಚಾದರೆ ಒರೆಸಬಹುದು, ಒರೆಸಿದ್ದು ಹೆಚ್ಚಾದರೆ ಮತ್ತೆ ಬಳಿದದ್ದು ಬಳಿದ ಹಾಗೇ ಕಾಣುತ್ತದೆ.

ಸಂಜೆ ಅದನ್ನು ಹಲ್ಲಿನ ಸೆಟ್ಟು ಕಳಿಸುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ಗಾರ್ಡಣ್ಣನ ಮನೆಗೆ ಹೋದ. ಬಾಗಿಲು ತೆರೆದದ್ದು ಅತ್ತಿಗೆ. “ಬಾಪ್ಪಾ” ಎಂದವಳೇ ಒಳಗೆ ನೋಡಿ ದನಿ ತಗ್ಗಿಸಿ, “ನೀವು ನೀವೇ ಮಾತಾಡ್ಕೊಳ್ಳಿ, ನಾನು ಒಳಗಿರ್ತೀನಿ” ಎಂದು ಸರಿದಳು. ಹೋಗುವಾಗ ಕಣ್ಣಿನಲ್ಲೇ ಬೇಡಿಕೊಂಡಳು.

ಗಾರ್ಡಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಪೆಟ್ಟಿಗೆ ನೋಡಿ, “ನನ್ನ ಹಲ್ಲು ಗಟ್ಟಿಯಾಗೇ ಇದೆ” ಎಂದ.

“ತಪ್ಪಾಯ್ತು ಗಾರ್ಡಣ್ಣ” ಎಂದ ಮೇಸ್ತ್ರಿ. ದಾರಿಯುದ್ದಕ್ಕೂ ಬೇರೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಅಷ್ಟೇ. ಪೆಟ್ಟಿಗೆ ತೆರೆದು ಚಾಚಿದ.

ಗಾರ್ಡಣ್ಣ ತೆಗೆದುಕೊಳ್ಳುವ ಮನಸ್ಸಿಲ್ಲದೆ ತೆಗೆದುಕೊಂಡ. ಕನ್ನಡಕ ಹಾಕಿದ. ಚಾವಣಿಯ ಮಸಿ ಕಂಡು ತುಟಿ ಬಿಗಿಯಾಯಿತು. ಎಲ್ಲಿ ಮತ್ತೆ ಕೆಟ್ಟಿತೋ ಎಂದು ಮೇಸ್ತ್ರಿ ಅವನ ಬೆರಳುಗಳನ್ನೇ ನೋಡುತ್ತಿದ್ದ. ಗಾರ್ಡಣ್ಣ ಡಬ್ಬಿಯನ್ನು ಪಕ್ಕಕ್ಕೆ ತಿರುಗಿಸಿದ. ಅಲ್ಲಿಗೆ ಅವನ ಕೈ ನಿಂತಿತು.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಇದನ್ನ ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಹೋಗಿ ಕೂತು, ಕೈ ಹೊರಗೆ ಹಾಕಿ ನೋಡಿದೆ.”

ಗಾರ್ಡಣ್ಣ ಕೂತಲ್ಲಿಂದಲೇ ಬಲಗೈಯನ್ನು ಪಕ್ಕದ ಗಾಳಿಯಲ್ಲಿ ಚಾಚಿ, ಒಂದು ಸುತ್ತು ತಿರುಗಿಸಿದ. ಕಂಡೂ ಕಾಣದ ಹಾಗೆ ಇನ್ನೊಂದು ಸುತ್ತು. “ಇಷ್ಟೇ ಕಣೋ ಎಟುಕ್ತಿದ್ದದ್ದು” ಎಂದ. “ಮೇಲೆಲ್ಲ ಹೇಗಿತ್ತು ಅಂತ ನಂಗೆ ಗೊತ್ತಿತ್ತು. ಇಳಿದು ಮನೆಗೆ ಹೊರಟಾಗ ಹಿಂದಕ್ಕೆ ತಿರುಗಿ ನೋಡ್ತಿರ್ಲಿಲ್ಲ. ನೋಡಿದ್ರೆ ಬೇಜಾರಾಗ್ತಿತ್ತು.” ಡಬ್ಬಿಯನ್ನು ಬೆಳಕಿಗೆ ಹಿಡಿದ. “ಅವತ್ತು ನೀನು ಅದನ್ನೇ ಅಂಗೈಯಲ್ಲಿ ಇಟ್ಟುಬಿಟ್ಟೆ ನೋಡು.”

ಇಬ್ಬರು ದೊಡ್ಡ ಗಂಡಸರು ಒಂದು ಪುಟ್ಟ ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಬಾಗಿಲ ಮರೆಯಲ್ಲಿ ಅತ್ತಿಗೆ ಮೂಗು ಎಳೆದುಕೊಂಡದ್ದು ಕೇಳಿಸಿತು.

“ಯಾವಾಗ ಕತ್ತರಿಸ್ತಾರಂತೆ?” ಎಂದ ಗಾರ್ಡಣ್ಣ.

“ಸೋಮವಾರ.”

ಗಾರ್ಡಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದು ಒರೆಸಿದ.

“ಅಲ್ಲಿ ಏಣಿ ಸಿಗುತ್ತೇನೋ?” ಎಂದು ಕೇಳಿದ.

ಆ ಭಾನುವಾರ ಅಕ್ಕತಂಗಿಯರು ಅಡುಗೆಮನೆ ಸೇರಲಿಲ್ಲ. ನಾಲ್ಕು ಜನರೂ ಬಕೆಟ್ಟು, ಸೋಪಿನ ಪುಡಿ, ಹಳೆಯ ಬಟ್ಟೆಗಳ ಗಂಟು ಹೊತ್ತುಕೊಂಡು ಯಾರ್ಡಿನ ಗೇಟಿಗೆ ಬಂದರು. ನಾಳೆ ಕತ್ತರಿಸುವ ಡಬ್ಬಿಯನ್ನು ಇವತ್ತು ತೊಳೆಯುತ್ತಾರಂತೆ ಎಂದು ಕಾವಲುಗಾರ ಬಾಯಿ ತೆರೆದು ನಿಂತ. ಆಮೇಲೆ ಏನನಿಸಿತೋ, ತಾನೇ ಹೋಗಿ ಏಣಿ ತಂದುಕೊಟ್ಟ. ಅಕ್ಕತಂಗಿಯರು ಕೆಳಗಿನ ಗೋಡೆ ಹಿಡಿದರು. ಅಕ್ಕ ತಂಗಿಯನ್ನು ಗದರಿಸುವುದು ಯಾರ್ಡಿಗೆಲ್ಲ ಕೇಳುತ್ತಿತ್ತು: “ಏನೇ ಅದು ತಿಕ್ಕೋ ರೀತಿ? ಕೈಯಲ್ಲಿ ಜೀವ ಇಲ್ವಾ?” ತಂಗಿ ಬೈಸಿಕೊಂಡು ನಗುತ್ತಿದ್ದಳು. ಮೇಸ್ತ್ರಿ ಏಣಿ ಹಿಡಿದು ನಿಂತ. ಗಾರ್ಡಣ್ಣ ಏಣಿಯ ಮೇಲೆ ನಿಂತು ಇಪ್ಪತ್ತು ವರ್ಷ ಕೈಗೆ ಸಿಗದ ಜಾಗವನ್ನೆಲ್ಲ ಒಂದೊಂದೇ ಮೊಳವಾಗಿ ಒರೆಸಿದ. ಕಪ್ಪು ನೀರು ಮೇಸ್ತ್ರಿಯ ತೋಳಿನ ಮೇಲೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಬಿಸಿಲು ವಾಲುವ ಹೊತ್ತಿಗೆ ಡಬ್ಬಿ ತನ್ನ ಹಳೆಯ ಬಣ್ಣದಲ್ಲಿ ನಿಂತಿತ್ತು. ಅಲ್ಲಲ್ಲಿ ತುಕ್ಕು ಉಳಿದಿತ್ತು, ಅದು ಹೋಗುವಂಥದಲ್ಲ. ಗಾರ್ಡಣ್ಣ ಏಣಿಯಿಂದ ಇಳಿದು, ದೂರ ಸರಿದು, ಡಬ್ಬಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದ. ಆಮೇಲೆ ಜೇಬಿನಿಂದ ಪುಟ್ಟ ಡಬ್ಬಿಯನ್ನು ತೆಗೆದು ಎದುರಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದನ್ನೊಂದು ತಾಳೆ ನೋಡಿದ.

“ಏನೋ ಮೇಸ್ತ್ರಿ,” ಎಂದ, “ನಿಂದು ಮತ್ತೆ ತಪ್ಪಾಯ್ತಲ್ಲೋ!”

ಮೇಸ್ತ್ರಿ ನಗಲು ಹೋದ. ನಗುವಿನ ಜೊತೆಗೇ ಕಣ್ಣು ತುಂಬಿಬಂತು, ಮಸಿಯ ಕೈಯಲ್ಲೇ ಒರೆಸಿಕೊಂಡ. ಅವನ ಮುಖ ನೋಡಿ ಅಕ್ಕತಂಗಿಯರಿಬ್ಬರೂ ಬಿದ್ದು ಬಿದ್ದು ನಕ್ಕರು.